ಸಾಲು

ಬಿಸಿಲು ಕೋಣೆಗೆ ಬರುವ ಮೊದಲೇ
ಪ್ಲಾಸ್ಟಿಕ್ ಟಬ್ಬಿಗೆ ಕಾಲುವೆಯ ನೀರು ತುಂಬಿ
ಸವೆದ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂರುತ್ತೇನೆ.
ಐದು ಸಾವಿರ ಚಿಲ್ಲರೆ ವರ್ಷದ ಧೂಳು
ಎರಡು ತಿಕ್ಕಿಗೆ ಹೋಗುತ್ತದೆ, ನಂಬಿ.
ಕುಫ್ತ್ ಊರಿನ ಗಂಡಸರು ಅಗೆಯುವವರು.
ತಾತ ಅಗೆದ, ಅಪ್ಪ ಅಗೆದ, ತಮ್ಮ ಅಗೆಯುತ್ತಿದ್ದಾನೆ;
ತೊಳೆಯುವುದು ಈ ರೌಹಿಯಾಳ ಪಾಲಿಗೆ ಬಂದದ್ದು.

ಇವತ್ತಿನ ಗಡಿಗೆ ಇಪ್ಪತ್ತೇಳು ಚೂರು.
ಹುಳಿ ಮಜ್ಜಿಗೆಯ ಬಣ್ಣ, ಮೊಟ್ಟೆಯ ಆಕಾರ,
ಭುಜದ ಮೇಲೆ ದಾರ ಪೋಣಿಸಲು ಎರಡು ಕಿವಿ.
ಹೊಟ್ಟೆಯ ಸುತ್ತ ಲೆಕ್ಕವಿಲ್ಲದ ಹುಟ್ಟುಗಳ ದೋಣಿ,
ನೀರೆಂದರೆ ಅಂಕುಡೊಂಕು ಗೆರೆ,
ಅದರ ಕೆಳಗೆ ಕೆಮ್ಮಣ್ಣಿನ ಹಕ್ಕಿಗಳು:
ಒಂದು ಒತ್ತಿಗೆ ಮೈ, ಒಂದು ಎಳೆತಕ್ಕೆ ಕತ್ತು,
ಎರಡು ಕಡ್ಡಿ ಕಾಲು. ಮುಗಿಯಿತು.
ರೆಕ್ಕೆ ಬರೆದಿಲ್ಲ.

ಮೇಜಿನ ಆಚೆ ಇಬ್ಬರಿಗೆ ಜಗಳ.
ಕೈರೋದಿಂದ ಬಂದ ಇಂಜಿ ಮೇಡಂ ಹೇಳುತ್ತಾರೆ:
ಇದು ಉಷ್ಟ್ರಪಕ್ಷಿ, ಮರಳುಗಾಡಿನದು,
ಹೊತ್ತು ಮೂಡುವಾಗ ಸುತ್ತಿ ಸುತ್ತಿ ಕುಣಿಯುತ್ತದೆ;
ಸತ್ತವನಿಗೆ ಮತ್ತೆ ಬೆಳಗಾಗಲಿ ಎಂದು ಬರೆದದ್ದು.
ದಪ್ಪ ಕನ್ನಡಕದ ಬುಲುಸ್ ಒಪ್ಪುವುದಿಲ್ಲ:
ಕತ್ತು ನೋಡಿ, ರಾಜಹಂಸ, ಕೆಸರಿನದು,
ನೆರೆ ಇಳಿದ ಮೇಲೆ ಬರುವ ಹಸಿರಿನ ಸುದ್ದಿ.
ಚಹಾ ಆರುತ್ತದೆ.
ಹಕ್ಕಿಗಳು ಯಾರ ಪರವೂ ಮಾತಾಡುವುದಿಲ್ಲ.

ನನ್ನನ್ನು ಕೇಳಿದವರಿಲ್ಲ. ನಾನು ಎಣಿಸಿದೆ. ಹದಿಮೂರು.
ಹನ್ನೆರಡು ಒಂದೇ ಕಡೆ ಮುಖ ಮಾಡಿವೆ,
ಭುಜಕ್ಕೆ ಭುಜ, ಒಂದೂ ಬಾಗಿಲ್ಲ, ಒಂದೂ ಕೂತಿಲ್ಲ.
ಇದನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿ,
ಹಲ್ಲುಸಂದಿಯಲ್ಲಿ ಸಿಕ್ಕ ಖರ್ಜೂರದ ನಾರಿನ ಹಾಗೆ
ಮಧ್ಯಾಹ್ನದ ತನಕ ಕಾಡಿತು.

ಅಂಟು ಹಚ್ಚಿದ ಚೂರನ್ನು
ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸುವಾಗ
ಬೆರಳಿಗೆ ಮರಳು ತಾಗಿತು. ಹೊಳೆಯಿತು.

ಪಂಪಿನ ತಂತಿ ಮುಟ್ಟಿದ ಅಣ್ಣ ಸಾಬಿರ್‌ನನ್ನು
ಮಣ್ಣಿಗಿಟ್ಟ ದಿನ.
ಹೆಂಗಸರನ್ನು ಗೋರಿಯ ತನಕ ಬಿಡಲಿಲ್ಲ;
ನಾನು ಪಾರಿವಾಳದ ಗೋಪುರ ಹತ್ತಿದೆ,
ಹಿಕ್ಕೆಯ ಘಾಟಿಗೆ ಸೆರಗು ಮೂಗಿಗೊತ್ತಿ ನೋಡಿದೆ.
ಹೊಲ ಮುಗಿದು ಮರಳು ಶುರುವಾಗುವ ಗೆರೆಯಲ್ಲಿ
ಗಂಡಸರು ಸಾಲಾಗಿ ನಿಂತಿದ್ದರು.
ಸತ್ತವರ ನಮಾಜಿಗೆ ಬಾಗುವುದಿಲ್ಲ,
ಹಣೆ ನೆಲಕ್ಕಿಡುವುದಿಲ್ಲ;
ನಿಲ್ಲುವುದು, ನಿಂತೇ ಇರುವುದು.
ಗಾಳಿಗೆ ಉಬ್ಬಿದ ಜಲ್ಲಾಬಿಯಾ ದುಂಡು ಮೈ,
ಅಷ್ಟು ದೂರಕ್ಕೆ ಕಾಲು ಕಡ್ಡಿ.
ಹಾರುವ ಕೆಲಸ ಅಣ್ಣನದು,
ಇವರದು ನಿಲ್ಲುವುದಷ್ಟೇ.

ಕೊನೆಯಲ್ಲಿದ್ದ ಒಬ್ಬ ಮಾತ್ರ,
ಆರು ವರ್ಷದ ತಮ್ಮ ರಿಫಾಯಿ,
ಸಾಲು ಬಿಡದೆ ಕತ್ತು ಹೊರಳಿಸಿ
ಮನೆಯ ಕಡೆ ನೋಡುತ್ತಿದ್ದ.
ಹಸಿದಿತ್ತೇನೋ. ಬೆಳಗಿನಿಂದ
ಅವನಿಗೆ ರೊಟ್ಟಿ ಕೊಡುವುದನ್ನು ಎಲ್ಲರೂ ಮರೆತಿದ್ದೆವು.

ಹದಿಮೂರನೆಯದೂ ಹಾಗೆಯೇ: ಕತ್ತು ಹಿಂದಕ್ಕೆ.
ಕಾಲು ಒಂದೇ.
ಕುಂಚ ಒಣಗಿತೋ, ಬರೆಯುತ್ತಿದ್ದವಳನ್ನು
ಒಳಗಿನಿಂದ ಯಾರಾದರೂ ಕೂಗಿದರೋ.
ಬರೆಯುತ್ತಿದ್ದವಳು ಅಂದೆ; ಸಾಕ್ಷಿ ಕೇಳಬೇಡಿ.
ಇನ್ನೊಂದು ಕಾಲಿರಬೇಕಾದಲ್ಲಿ
ಕೆಂಪಿನಲ್ಲಿ ಒಂದು ಬೆರಳಚ್ಚು ಇದೆ,
ನನ್ನ ಕಿರುಬೆರಳನ್ನು ಹತ್ತಿರ ಹಿಡಿದು ನೋಡಿದೆ,
ತಾಗಿಸಲಿಲ್ಲ.

ಬುಲುಸ್ ದಾಖಲೆ ಪುಸ್ತಕ ನನ್ನತ್ತ ನೂಕಿದ.
ಕಪ್ಪು ಶಾಯಿಯಲ್ಲಿ ಅವರು ಹೇಳಿದ್ದನ್ನೇ ಬರೆದೆ:
ಹಕ್ಕಿ, ಹದಿಮೂರು, ಜಾತಿ ನಿರ್ಧಾರವಾಗಿಲ್ಲ.

ಸಂಜೆ ರಿಫಾಯಿ ಬುಟ್ಟಿ ಹೊತ್ತು ಬಂದ,
ರೆಪ್ಪೆಯ ಮೇಲೆಲ್ಲ ಧೂಳು.
ನಿನ್ನೆ ಈ ಗಡಿಗೆಯನ್ನು ಗುಂಡಿಯಿಂದೆತ್ತಿದವನು ಅವನೇ.
ಅದರ ಮೇಲೆ ಏನಿತ್ತು? ಎಂದ.
ಹಕ್ಕಿಗಳು.
ಯಾವ ಹಕ್ಕಿ?
ಮೊದಲು ಕೈ ತೊಳಿ, ಎಂದೆ. ರೊಟ್ಟಿ ಇದೆ.